ಘಾಟಿ ಹತ್ತುವ ಗಾಡಿ ಸಮದಾರಿಯಲ್ಲಿ ಯಾಕೆ ಜರ್ಕ್ ಹೊಡೆಯಿತು?

ನಮ್ಮನೆ ಅಂಬಾಸಿಡರ್‌ಗೆ ಬಂದಿದ್ದು ವಿಚಿತ್ರ ಕಾಯಿಲೆ. ಮನೆ ಮುಂದೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಎಷ್ಟು ಹೊತ್ತಾದರೂ ಸದ್ದಿಲ್ಲದೆ ಓಡುತ್ತದೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿಸಿದರೂ ಕೊಸರಾಡುವುದಿಲ್ಲ. ಸಕಲೇಶಪುರ ದಾಟಿ ಬಾಳ್ಳುಪೇಟೆ ಕಡೆ ಬಂದು, ರಸ್ತೆ ಸಲೀಸಾಯಿತು ಅಂತ ಆಕ್ಸಲರೇಟರ್ ಮೇಲಿನ ಕಾಲು ಹಗುರ ಮಾಡಿದೆವೋ, ಶುರು. ಒಂದು ಜರ್ಕ್, ಸೈಲೆನ್ಸರ್‌ನಲ್ಲಿ ಒಂದು ‘ಢಂ’, ಆಮೇಲೆ ಏನೂ ಆಗಿಲ್ಲವೆಂಬಂತೆ ಓಟ. ಮತ್ತೆ ಸ್ವಲ್ಪ ದೂರಕ್ಕೆ ಅದೇ ಕಥೆ.

ಗಾಡಿ 1977ರ ಮಾರ್ಕ್ 3. ಅಪ್ಪ ಸಕಲೇಶಪುರದ ತೋಟದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. 1489 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್. ಈ ಎಂಜಿನ್ ಮೂಲತಃ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯದ್ದು, ಮೈಕಟ್ಟು ಅಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನದ್ದು. ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ತಯಾರಿ ನಿಂತ ಮೇಲೆ ಇಂಥ ಗಾಡಿ ಇಟ್ಟುಕೊಂಡವರೆಲ್ಲ ಅರೆಬರೆ ಮೆಕ್ಯಾನಿಕ್‌ಗಳೇ. ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಹಾಗಾಗಿ ಇಗ್ನಿಷನ್, ಅಂದರೆ ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ವ್ಯವಸ್ಥೆಯ ವಿಷಯ ಬಂದರೆ ನನಗೆ ಸ್ವಲ್ಪ ಜಾಸ್ತಿನೇ ಉತ್ಸಾಹ.

ಗ್ಯಾರೇಜಿನಲ್ಲಿ ಮೊದಲು ಪ್ಲಗ್ ಬದಲಾಯಿತು. ಆಮೇಲೆ ಪಾಯಿಂಟ್ ಸೆಟ್, ಕಂಡೆನ್ಸರ್, ಕಾಯಿಲ್, ಕೊನೆಗೆ ರೋಟರ್. ಎಲ್ಲವೂ ಸ್ಪಾರ್ಕ್ ಹುಟ್ಟಿಸುವ ಭಾಗಗಳು, ಯಾವುದು ಏನು ಅಂತ ಮುಂದೆ ಹೇಳುತ್ತೇನೆ. “ಬಿಸಿಯಾದ್ರೆ ಕಂಡೆನ್ಸರ್ ಹಿಂಗೇ ಮಾಡೋದು ಮೇಡಂ” ಅಂದರು ಮೇಸ್ತ್ರಿ. ಅವರ ಮಾತು ಸುಳ್ಳಲ್ಲ. ತಣ್ಣಗಿದ್ದಾಗ ಸರಿಯಾಗಿದ್ದು ಅರ್ಧ ಗಂಟೆ ಓಡಿದ ಮೇಲೆ ಸಾಯುವ ಕಂಡೆನ್ಸರ್‌ಗಳು ಬೇಕಾದಷ್ಟಿವೆ. ಅಪ್ಪನದು ಬೇರೆ ವಾದ. “ಇದು ಪೆಟ್ರೋಲ್‌ದು ಕಣಮ್ಮಾ. ಏಸಿ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕು, ಸರಿಹೋಗುತ್ತೆ.” ಏಸಿ ಪಂಪ್ ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್, ಬಿಸಿಗೆ ಅದರೊಳಗೆ ಪೆಟ್ರೋಲ್ ಆವಿಯಾದರೆ ಎಂಜಿನ್‌ಗೆ ಸಾಲದೆ ಬರುತ್ತದೆ. ಬೇಸಿಗೆಯಲ್ಲಿ ಅಂಬಾಸಿಡರ್ ಓಡಿಸಿದ ಹಳಬರಿಗೆ ಈ ಒದ್ದೆ ಬಟ್ಟೆ ಗೊತ್ತಿರುತ್ತದೆ.

ಆದರೆ ಪೆಟ್ರೋಲ್ ಸಾಲದೆ ಬಂದರೆ ಎಂಜಿನ್ ನಿಧಾನಕ್ಕೆ ಸೊರಗುತ್ತದೆ. ಎಳೆತ ಕಮ್ಮಿಯಾಗಿ, ಮುಲುಕಿ, ಆಮೇಲೆ ನಿಲ್ಲುತ್ತದೆ. ನಮ್ಮದು ಸ್ವಿಚ್ ಆಫ್ ಮಾಡಿದ ಹಾಗೆ ಒಂದೇ ಏಟಿಗೆ ಕಟ್ ಆಗುತ್ತಿತ್ತು. ಆ ‘ಢಂ’ ಇನ್ನೊಂದು ಸಾಕ್ಷಿ. ಸ್ಪಾರ್ಕ್ ಇಲ್ಲದ ಆ ಕ್ಷಣದಲ್ಲಿ ಸುಡದ ಪೆಟ್ರೋಲ್ ಹಾಗೇ ಸೈಲೆನ್ಸರ್ ಸೇರುತ್ತದೆ, ಸ್ಪಾರ್ಕ್ ವಾಪಸ್ ಬಂದಾಗ ಅಲ್ಲೇ ಹೊತ್ತಿಕೊಳ್ಳುತ್ತದೆ. ಸಿಡಿಯುವುದಕ್ಕೆ ಪೆಟ್ರೋಲ್ ಇತ್ತು ಅಂತಾಯಿತಲ್ಲ? ಇಲ್ಲದಿದ್ದದ್ದು ಬೆಂಕಿ.

ಬಿಸಿಯ ಲೆಕ್ಕವೂ ನನಗೆ ಕೂಡಿಬರಲಿಲ್ಲ. ಎಂಜಿನ್ ಅತಿ ಬಿಸಿಯಾಗುವುದು ಘಾಟಿ ಹತ್ತುವಾಗ. ಆಗ ಸುಮ್ಮನಿದ್ದದ್ದು, ಗಾಳಿಗೆ ಆರಾಮಾಗಿ ಓಡುವಾಗ ಯಾಕೆ ಕೈಕೊಡಬೇಕು?

ಹಳೆ ಗಾಡಿಯ ಸ್ಪಾರ್ಕ್ ಹುಟ್ಟುವ ದಾರಿ ಸರಳ. ಬ್ಯಾಟರಿಯ 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸುತ್ತಿಗೆ ಹೋಗುತ್ತದೆ. ಅಲ್ಲಿಂದ ಡಿಸ್ಟ್ರಿಬ್ಯೂಟರ್, ಅಂದರೆ ನಮ್ಮ ಗ್ಯಾರೇಜುಗಳ ಡೆಲ್ಕೊ. ಅದರೊಳಗಿನ ಪಾಯಿಂಟ್ (ಎಂಜಿನ್ ತಿರುಗಿದಂತೆ ಮುಚ್ಚಿ ಬಿಡುವ ಪುಟ್ಟ ಸ್ವಿಚ್) ದಾಟಿದರೆ ಅರ್ಥ್, ಅಂದರೆ ಗಾಡಿಯ ಲೋಹದ ಮೈ. ಪಾಯಿಂಟ್ ಮುಚ್ಚಿದ್ದಾಗ ಸುಮಾರು 4 ಆಂಪಿಯರ್ ಹರಿದು ಕಾಯಿಲ್‌ನಲ್ಲಿ ಕಾಂತಕ್ಷೇತ್ರ ತುಂಬುತ್ತದೆ. ಪಾಯಿಂಟ್ ಬಿಟ್ಟುಕೊಂಡ ತಕ್ಷಣ ಅದು ಕುಸಿಯುತ್ತದೆ. ಆ ಕುಸಿತಕ್ಕೆ ಪ್ರೈಮರಿಯಲ್ಲೇ 200–300 ವೋಲ್ಟ್ ಏಳುತ್ತದೆ, ಸೆಕೆಂಡರಿಯಲ್ಲಿ 20,000 ವೋಲ್ಟ್ ಆಸುಪಾಸು. ಈ ಹೈ ಟೆನ್ಷನ್ (ಎಚ್.ಟಿ.) ಕರೆಂಟನ್ನು ಡೆಲ್ಕೊ ಒಳಗೆ ತಿರುಗುವ ರೋಟರ್, ಮೇಲಿನ ಕ್ಯಾಪ್ ಮೂಲಕ ಒಂದೊಂದೇ ಪ್ಲಗ್‌ಗೆ ಹಂಚುತ್ತದೆ. ಕಂಡೆನ್ಸರ್ ಸುಮಾರು 0.2 ಮೈಕ್ರೋಫ್ಯಾರಡ್‌ನ ಸಣ್ಣ ಡಬ್ಬಿ. ಪಾಯಿಂಟ್ ಬಿಡುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಇದೆಲ್ಲ ಸೆಕೆಂಡಿಗೆ 100 ಸಲ. ಇಷ್ಟೊಂದು ಸಲ ಬಡಿದಾಡುವ ಆ ಪುಟ್ಟ ಲೋಹದ ಚುಕ್ಕೆಗಳ ಮೇಲೆ ನನಗಂತೂ ಗೌರವವಿದೆ.

ಗ್ಯಾರೇಜಿನಲ್ಲಿ ಮಾಡುವ ಮಾಮೂಲಿ ಪರೀಕ್ಷೆ ಅಂದರೆ ಪ್ಲಗ್ ಬಿಚ್ಚಿ, ಬ್ಲಾಕಿಗೆ ತಾಗಿಸಿ, ಸೆಲ್ಫ್ ಹೊಡೆದು ಕಿಡಿ ನೋಡುವುದು. ನೀಲಿ ಬಣ್ಣ, ಚಟಪಟ ಸದ್ದು ಇದ್ದರೆ ಒಳ್ಳೆಯದು. ಹಳದಿ, ಬಡಕಲು ಕಿಡಿಯಾದರೆ ಅನುಮಾನ. ಆದರೆ ಇದನ್ನು ಪೂರ್ತಿ ನಂಬಬಾರದು. ಸಿಲಿಂಡರ್ ಒಳಗಿನ ಒತ್ತಡದಲ್ಲಿ ಅದೇ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಹೊರಗೆ ಹಾರಿದ ಕಿಡಿ ಒಳಗೂ ಹಾರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ನಮ್ಮ ಗಾಡಿ ನಿಂತಾಗ ತಪ್ಪೇ ಮಾಡುತ್ತಿರಲಿಲ್ಲ. ಹಾಗಾಗಿ ಪರೀಕ್ಷೆಯನ್ನು ರಸ್ತೆಗೇ ಒಯ್ಯಬೇಕಾಯಿತು.

ಕಾಯಿಲ್‌ನಿಂದ ಡೆಲ್ಕೊಗೆ ವೈರ್ ಹೋಗುವ ಟರ್ಮಿನಲ್‌ಗೆ, ಹಳೆ ಕಾಯಿಲ್‌ಗಳಲ್ಲಿ ಅಲ್ಲಿ ‘ಸಿಬಿ’ ಎಂದು ಬರೆದಿರುತ್ತದೆ, ಉದ್ದದ ವೈರ್ ಕಟ್ಟಿ ಡ್ಯಾಶ್‌ಬೋರ್ಡ್‌ವರೆಗೆ ತಂದೆ. ಅದರ ತುದಿಗೆ ಒಂದು ಎಲ್‌ಇಡಿ, ಇನ್ನೊಂದು ಕಡೆ ಅರ್ಥ್. ನಿಂತ ಗಾಡಿಗೆ 12 ವೋಲ್ಟಿನ ಬಲ್ಬ್ ಸಾಕು. ಓಡುವಾಗ ಬಲ್ಬ್ ಹಾಕಬೇಡಿ, ಪಾಯಿಂಟ್ ಬಿಟ್ಟಾಗ ಏಳುವ ಶಕ್ತಿಯನ್ನು ಅದೇ ಕುಡಿದುಬಿಟ್ಟು ಸ್ಪಾರ್ಕ್ ಸೊರಗುತ್ತದೆ. ಎಲ್‌ಇಡಿ ಜೊತೆ 2.2 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಉಲ್ಟಾ ವೋಲ್ಟೇಜ್‌ಗೆ ಎಲ್‌ಇಡಿ ಸಾಯದಿರಲಿ ಅಂತ ಅದಕ್ಕೆ ಅಡ್ಡಲಾಗಿ, ತಿರುಗಿಸಿ ಒಂದು ಡಯೋಡ್ ಕೊಡಿ. ಲ್ಯಾಬಿನಲ್ಲಿ ಬಿದ್ದಿರುವ ಸಾಮಾನು ಇವು.

ಇದರಿಂದ ತಿಳಿಯುವುದು ಏನು ಅಂದರೆ: ಪಾಯಿಂಟ್ ಮುಚ್ಚಿದ್ದಾಗ ದೀಪ ಆರಿರುತ್ತದೆ, ಬಿಟ್ಟಾಗ ಉರಿಯುತ್ತದೆ. ಓಡುವ ಎಂಜಿನ್‌ನಲ್ಲಿ ಇವೆರಡೂ ಬೆರೆತು ಮಂದವಾಗಿ ಕಾಣುತ್ತದೆ. ಎಂಜಿನ್ ಕಟ್ ಆದ ಕ್ಷಣದಲ್ಲಿ ದೀಪ ಪೂರ್ತಿ ಆರಿದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಅಥವಾ ಸಿಬಿ ವೈರ್ ಎಲ್ಲೋ ಗಾಡಿಯ ಲೋಹಕ್ಕೆ ತಾಗುತ್ತಿದೆ. ಪೂರ್ತಿ ಉರಿದರೆ ಕಾಯಿಲ್‌ವರೆಗೆ ಸರಿಯಿದೆ, ಪಾಯಿಂಟ್ ಕಡೆ ದಾರಿ ಕಡಿದಿದೆ. ಮಂದವಾಗೇ ಇದ್ದರೆ ಇವೆಲ್ಲ ಸರಿ, ಕಂಡೆನ್ಸರ್ ಇಲ್ಲವೇ ಎಚ್.ಟಿ. ಕಡೆ ಹುಡುಕಬೇಕು: ರೋಟರ್, ಕ್ಯಾಪ್, ವೈರ್, ಪ್ಲಗ್.

ದೀಪ ನೋಡುವ ಕೆಲಸ ಅಪ್ಪನಿಗೆ. ಪಕ್ಕದ ಸೀಟಿನಲ್ಲಿ ಕನ್ನಡಕ ಹಾಕಿಕೊಂಡು, ಟವೆಲ್‌ನಿಂದ ಬಿಸಿಲು ಮರೆ ಮಾಡಿಕೊಂಡು ಕೂತರು. ಆಲೂರು ಬರುವಷ್ಟರಲ್ಲಿ ಜರ್ಕ್.

“ಉರೀತು ಕಣೇ! ಪೂರ್ತಿ ಉರೀತು!”

ಒಂದು ದೀಪ ಅರ್ಧ ಗಾಡಿಯನ್ನು ಅನುಮಾನದಿಂದ ಬಿಡಿಸಿತು. ಸ್ವಿಚ್, ಕಾಯಿಲ್, ರೋಟರ್, ಕ್ಯಾಪ್, ಪ್ಲಗ್, ಯಾವುದೂ ಅಲ್ಲ. ಉಳಿದದ್ದು ಸಿಬಿ ಟರ್ಮಿನಲ್‌ನಿಂದ ಪಾಯಿಂಟ್ ದಾಟಿ ಅರ್ಥ್‌ವರೆಗಿನ ದಾರಿ. ಪಾಯಿಂಟ್ ಹೊಸದು. ಹೊರಗಿನ ವೈರ್ ಎಳೆದಾಡಿ ನೋಡಿದ್ದಾಯಿತು. ಇನ್ನು ಡೆಲ್ಕೊ ಒಳಗಿನದೇ.

ಆಗ ಸಮದಾರಿಯ ಗುಟ್ಟು ಹೊಳೆಯಿತು. ಡೆಲ್ಕೊ ಪಕ್ಕದಲ್ಲಿ ದುಂಡನೆಯ ತಗಡಿನ ಡಬ್ಬಿ ಇರುತ್ತದೆ, ವ್ಯಾಕ್ಯೂಮ್ ಅಡ್ವಾನ್ಸ್. ಅಲ್ಲಿಂದ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಸಣ್ಣ ಪೈಪ್. ಹಗುರ ಕಾಲಿನಲ್ಲಿ ಓಡಿಸುವಾಗ ಸಿಲಿಂಡರ್‌ಗೆ ಹೋಗುವ ಮಿಶ್ರಣ ಕಡಿಮೆ, ಅದು ಉರಿಯುವುದೂ ನಿಧಾನ. ಹಾಗಾಗಿ ಸ್ಪಾರ್ಕ್ ಸ್ವಲ್ಪ ಮುಂಚೆ ಬೀಳಬೇಕು. ಕಾರ್ಬ್ಯುರೇಟರ್‌ನ ಗಾಳಿಯ ಎಳೆತ ಡಬ್ಬಿಯೊಳಗಿನ ಡಯಾಫ್ರಮ್ ಎಂಬ ತೆಳು ಪರದೆಯನ್ನು ಎಳೆದು, ಪಾಯಿಂಟ್ ಕೂತಿರುವ ತಟ್ಟೆಯನ್ನೇ ಕೆಲವು ಡಿಗ್ರಿ ತಿರುಗಿಸುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಆ ಎಳೆತ ಪೈಪಿಗೆ ಸಿಗುವುದಿಲ್ಲ. ಘಾಟಿಯಲ್ಲಿ ಪೂರ್ತಿ ಒತ್ತಿದಾಗ ಎಳೆತವೇ ಇರುವುದಿಲ್ಲ. ಅರ್ಧ ಒತ್ತಿ ಆರಾಮಾಗಿ ಹೋಗುವಾಗ ಮಾತ್ರ ತಟ್ಟೆ ತಿರುಗುತ್ತದೆ. ನಮ್ಮ ಗಾಡಿ ಜರ್ಕ್ ಹೊಡೆಯುತ್ತಿದ್ದದ್ದೂ ಆಗಲೇ ಅಲ್ವಾ?

ಮನೆಗೆ ಬಂದು ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟೆ. ಪೈಪನ್ನು ಕಾರ್ಬ್ಯುರೇಟರ್ ಕಡೆ ಬಿಚ್ಚಿ, ಬಾಯಿಟ್ಟು ಎಳೆದೆ. ಎಂಜಿನ್ ಪಟ್ ಅಂತ ನಿಂತಿತು. ಬಾಯಲ್ಲಿ ಪೆಟ್ರೋಲಿನ ರುಚಿ, ಆದರೂ ಅಷ್ಟು ಖುಷಿ ಯಾವ ಸಿಹಿ ತಿಂದಾಗಲೂ ಆಗಿಲ್ಲ.

ಕ್ಯಾಪ್ ತೆಗೆದರೆ ಹೊರಗಿನ ಟರ್ಮಿನಲ್‌ನಿಂದ ಪಾಯಿಂಟ್ ಸ್ಪ್ರಿಂಗ್‌ಗೆ ಬರುವ ಒಂದು ಮೋಟು ವೈರ್ ಕಾಣುತ್ತದೆ. ಬಟ್ಟೆಯ ಹೊದಿಕೆ, ನೋಡಲು ಗಟ್ಟಿಮುಟ್ಟು. ಮಲ್ಟಿಮೀಟರ್ ಇಟ್ಟರೆ ಬೀಪ್. ತಟ್ಟೆಯನ್ನು ಬೆರಳಿನಿಂದ ತಿರುಗಿಸಿದರೆ ಬೀಪ್ ಬಂದ್. ಹೊದಿಕೆ ಸೀಳಿದಾಗ ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ ಒಂದಕ್ಕೊಂದು ಸುಮ್ನೆ ತಾಗಿಕೊಂಡಿದ್ದವು. ತಟ್ಟೆ ಅತ್ತಿತ್ತ ತಿರುಗುವಾಗಲೆಲ್ಲ ಈ ವೈರೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿದರೆ ಯಾವ ತಾಮ್ರವೂ ಉಳಿಯದು. ಪಕ್ಕದಲ್ಲಿ ತಟ್ಟೆಯನ್ನು ಡೆಲ್ಕೊದ ಲೋಹದ ಮೈಗೆ ಸೇರಿಸುವ ಇನ್ನೊಂದು ಅರ್ಥ್ ವೈರ್ ಇರುತ್ತದೆ. ಅದೂ ಇದೇ ರೀತಿ ಸಾಯುತ್ತದೆ, ನೋಡುವಾಗ ಎರಡನ್ನೂ ನೋಡಿ.

ಇಲ್ಲಿಗೆ ಮಾಮೂಲಿ ವೈರಿಂಗ್‌ನ ವೈರ್ ಹಾಕಿದರೆ ಬಹಳ ದಿನ ಬಾಳಿಕೆ ಬರುವುದಿಲ್ಲ. ಕೂದಲಿನಷ್ಟು ಸಣ್ಣ ಎಳೆಗಳು ತುಂಬಾ ಇರುವ, ಬಳುಕುವ ವೈರ್ ಬೇಕು. ನಾನು ಮಲ್ಟಿಮೀಟರ್‌ನ ಹಳೆ ಸಿಲಿಕೋನ್ ಪ್ರೋಬ್ ವೈರ್ ಕತ್ತರಿಸಿ ಹಾಕಿದೆ. ತುದಿಗಳನ್ನು ಕ್ರಿಂಪ್ ಮಾಡಿದ್ದು, ಬೆಸುಗೆ ಹಾಕಲಿಲ್ಲ. ಸೋಲ್ಡರ್ ಎಳೆಗಳೊಳಗೆ ಹರಿದು ಗಟ್ಟಿಯಾದರೆ ಸರಿಯಾಗಿ ಆ ಅಂಚಿನಲ್ಲೇ ಮುರಿಯುತ್ತದೆ. ತಟ್ಟೆ ಪೂರ್ತಿ ತಿರುಗಿದರೂ ಬಿಗಿಯಾಗದಷ್ಟು ಉದ್ದ ಬಿಡಬೇಕು, ಆದರೆ ಪಾಯಿಂಟ್ ಬಿಡಿಸುವ ಕ್ಯಾಮ್‌ಗೋ ರೋಟರ್‌ಗೋ ತಾಗಬಾರದು. ಆಮೇಲೆ ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ.ಗೆ ಇಟ್ಟು, ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು, ನೋಡಿದೆ. ಈ ಕ್ರಮ ಹಿಂದುಮುಂದಾಗಬಾರದು, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ.

“ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ, ತಲೆನೋವೇ ಇರಲ್ಲ” ಅನ್ನುವವರಿದ್ದಾರೆ. ದಿನಾ ಓಡಿಸುವವರಿಗೆ ಅದು ಒಳ್ಳೆಯದೇ. ಆದರೆ ಕಿಟ್ ಕೂರುವುದೂ ಅದೇ ತಿರುಗುವ ತಟ್ಟೆಯ ಮೇಲೆ, ಅದರ ವೈರ್‌ಗಳೂ ಬಾಗುತ್ತವೆ. ಘಾಟಿಯಲ್ಲಿ ಕಿಟ್ ಸತ್ತರೆ ನಾನೇನೂ ಮಾಡಲಾರೆ. ಪಾಯಿಂಟ್ ಆದರೆ ಎಮರಿ ಕಾಗದದಲ್ಲಿ ಉಜ್ಜಿ ಮನೆ ಸೇರಬಹುದು.

ಬದಲಾಯಿಸಿದ ಹಳೆ ಬಿಡಿಭಾಗಗಳನ್ನು ಮೇಸ್ತ್ರಿಯಿಂದ ಕೇಳಿ ವಾಪಸ್ ತಂದಿದ್ದೆ. ಹಳೆ ಕಂಡೆನ್ಸರ್ ಮತ್ತೆ ಹಾಕಿದ್ದೇನೆ, ಚೆನ್ನಾಗೇ ಇದೆ. ರೋಟರನ್ನೂ ಹಳೆಯದೇ ಹಾಕಬೇಕಾಯಿತು. ಈಗ ಸಿಗುವ ಕೆಲವು ರೋಟರ್‌ಗಳಲ್ಲಿ ಹಿತ್ತಾಳೆ ಪಟ್ಟಿ ಹಿಡಿದಿರುವ ರಿವೆಟ್ ಕೆಳಗಿನ ಶಾಫ್ಟ್‌ಗೆ ತೀರಾ ಹತ್ತಿರ ಬಂದು, ಕಿಡಿ ಅಲ್ಲಿಂದಲೇ ಅರ್ಥ್ ಆಗಿಬಿಡುತ್ತದೆ. ಕ್ಯಾಪ್ ತೆಗೆದು, ಕಾಯಿಲ್‌ನ ಎಚ್.ಟಿ. ವೈರನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ರೋಟರ್‌ನ ಹಿತ್ತಾಳೆಗೆ 3 ಮಿ.ಮೀ. ದೂರದಲ್ಲಿಡಿ. ಇಗ್ನಿಷನ್ ಆನ್ ಮಾಡಿ ಪಾಯಿಂಟ್ ಬಿಡಿಸಿ. ಮತ್ತೆ ಮತ್ತೆ ಕಿಡಿ ಹಾರಿದರೆ ರೋಟರ್ ಸೋರುತ್ತಿದೆ ಅಂತ ಅರ್ಥ. ಹೊಸದರಲ್ಲಿ ಹಾರಿತು. ನನ್ನ ಹಳೆಯದು ಸೋರುವುದಿಲ್ಲ, ಆದರೆ ತುದಿ ಸವೆದಿದೆ. ರಿವೆಟ್ ಇಲ್ಲದ ರೋಟರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಯಾರ ಕಣ್ಣಿಗಾದರೂ ಬಿದ್ದರೆ ದಯವಿಟ್ಟು ತಿಳಿಸಿ. ಎರಡು ಬೇಕು, ಒಂದು ಡಿಕ್ಕಿಯಲ್ಲಿಡುವುದಕ್ಕೆ.