‘ಹಾಡೋರೇ ಇಲ್ಲವಲ್ಲ, ಏನು ಕೇಳ್ತೀಯ?’

ನನ್ನ ಹೆಡ್‌ಫೋನ್ ಈಸಿಕೊಂಡು ಎರಡು ನಿಮಿಷ ಕೇಳಿದವರು ಅದನ್ನು ವಾಪಸ್ ಕೊಡುತ್ತಾ ಕೇಳುವ ಪ್ರಶ್ನೆ ಇದೇ: "ಹಾಡೋರೇ ಇಲ್ಲವಲ್ಲ ಮಾರಾಯ, ಇದರಲ್ಲಿ ಏನು ಕೇಳ್ತೀಯ?" ನಾನು ಕೇಳುವುದು ಜಮೈಕಾದ ರೆಗೆ ಸಂಗೀತದಿಂದ ಹುಟ್ಟಿದ ‘ಡಬ್’. ಡಬ್ ಎಂದರೆ ಸಿನಿಮಾ ಡಬ್ಬಿಂಗ್ ಎಂದುಕೊಂಡವರೂ ಇದ್ದಾರೆ. ಡಬ್ಬಿಂಗ್‌ನಲ್ಲಿ ದನಿ ಸೇರಿಸುತ್ತಾರೆ, ಈ ಡಬ್‌ನಲ್ಲಿ ಮೊದಲೇ ಇದ್ದ ಹಾಡಿನ ಟೇಪಿನಿಂದ ದನಿ ತೆಗೆಯುತ್ತಾರೆ.

ಅವರು ಕೇಳಿದ್ದು ಹೆಚ್ಚಾಗಿ 1976ರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಆಲ್ಬಮ್. ನಿರ್ಮಾಪಕ ಆಗಸ್ಟಸ್ ಪಾಬ್ಲೊ. ಬಾಯಲ್ಲಿ ಊದುತ್ತಾ ಬೆರಳಲ್ಲಿ ಕೀ ಒತ್ತುವ ಮೆಲೋಡಿಕಾ ಆತನ ವಾದ್ಯ. ಶಾಲೆ ಮಕ್ಕಳ ಕೈಗೆ ಕೊಡುವಂಥ ಆ ಪುಟ್ಟ ವಾದ್ಯದಲ್ಲಿ ಆತ ತಂದ ವಿಷಾದ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮಿಕ್ಸಿಂಗ್, ಅಂದರೆ ದನಿ-ವಾದ್ಯಗಳ ಸದ್ದನ್ನು ಏರಿಳಿಸಿ ಬೆರೆಸುವ ಕೆಲಸ, ಕಿಂಗ್ ಟಬ್ಬಿಯದು. ಆತ ಮೂಲತಃ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಕುಶಲಕರ್ಮಿ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಬಡಾವಣೆಯಲ್ಲಿ, ಡ್ರೊಮಿಲ್ಲಿ ಅವೆನ್ಯೂದ ಮನೆಯಲ್ಲೇ ಆತನ ಸ್ಟುಡಿಯೊ. ಡೈನಾಮಿಕ್ ಸೌಂಡ್ಸ್ ಸ್ಟುಡಿಯೊದವರು ಬಳಸಿ ಬಿಟ್ಟಿದ್ದ ಎಂಸಿಐ ಕಂಪನಿಯ ಮಿಕ್ಸರನ್ನು ಕೊಂಡು ತಂದಿಟ್ಟುಕೊಂಡಿದ್ದ.

ಆಲ್ಬಮ್ಮಿನ ಹೆಸರೇ ಇರುವ ಹಾಡನ್ನು ತೆಗೆದುಕೊಳ್ಳಿ. ಅದರ ಮೂಲ ಜೇಕಬ್ ಮಿಲ್ಲರ್ ಹಾಡಿದ ‘ಬೇಬಿ ಐ ಲವ್ ಯು ಸೋ’. ಟಬ್ಬಿ ಟೇಪ್ ಓಡಿಸುತ್ತಾ ಗಾಯಕನ ಫೇಡರ್ (ಸದ್ದು ಏರಿಳಿಸುವ ಗುಂಡಿ) ಇಳಿಸಿಬಿಡುತ್ತಾನೆ. ಒಂದೆರಡು ತುಣುಕು ಮಾತ್ರ ಮೇಲೆದ್ದು, ಪ್ರತಿಧ್ವನಿಯಾಗಿ ಕರಗಿ ಹೋಗುತ್ತವೆ. ಗಿಟಾರಿನ ‘ಚಕ್’ ಒಂದು ಸಲ ಬಂದು, ಎರಡಾಗಿ, ನಾಲ್ಕಾಗಿ ದೂರ ಸರಿಯುತ್ತದೆ. ಆತನ ಮಿಕ್ಸರಿನಲ್ಲಿ ಒಂದು ದೊಡ್ಡ ಫಿಲ್ಟರ್ ತಿರುಗಣೆ ಇತ್ತು. ತಿರುಗಿಸಿದಷ್ಟೂ ಕೆಳಗಿನ ಸ್ವರಗಳು ಕತ್ತರಿಸಿಹೋಗಿ, ತಾಳದ ತಟ್ಟೆಯ ಸದ್ದು ತೆಳ್ಳಗೆ ಸಿಳ್ಳೆಯಂತಾಗುತ್ತಿತ್ತು. ಕಂಪ್ಯೂಟರ್ ಇಲ್ಲ, ತಿದ್ದುಪಡಿ ಇಲ್ಲ. ಟೇಪ್ ಓಡುತ್ತಿರುವಾಗಲೇ ಕೈಯಾಡಬೇಕು. ಅದೇ ಮಿಕ್ಸನ್ನು ಮತ್ತೊಮ್ಮೆ ಹಾಗೇ ಮಾಡು ಎಂದರೆ ಆತನಿಗೂ ಆಗುತ್ತಿರಲಿಲ್ಲ.

ಇಷ್ಟು ಹೇಳಿದರೆ ಜನ "ಓ, ಎಲ್ಲಾ ಇಂಜಿನಿಯರ್ ಕೈಚಳಕ" ಅನ್ನುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ.

ದನಿ, ಗಿಟಾರು, ಕೀಬೋರ್ಡು ಎಲ್ಲ ತೆಗೆದ ಮೇಲೂ ಹಾಡು ಕುಸಿಯುವುದಿಲ್ಲವಲ್ಲ, ಯಾಕೆ? ಕೆಳಗೆ ಕಾರ್ಲ್‌ಟನ್ ಬ್ಯಾರೆಟ್‌ನ ಡ್ರಮ್ ಇದೆ. ರಾಬಿ ಶೇಕ್ಸ್‌ಪಿಯರ್, ಕಾರ್ಲ್‌ಟನ್‌ನ ಅಣ್ಣ ಆಸ್ಟನ್ ಬ್ಯಾರೆಟ್ ನುಡಿಸಿದ ಬೇಸ್, ಅಂದರೆ ಕೆಳಸ್ವರದ ಗಿಟಾರ್, ಇದೆ. ಬ್ಯಾರೆಟ್ ಸೋದರರು ಬಾಬ್ ಮಾರ್ಲಿಯ ವೇಲರ್ಸ್ ತಂಡದ ಬೆನ್ನೆಲುಬು. ಕಾರ್ಲ್‌ಟನ್‌ನ ಹೆಸರಾಂತ ‘ವನ್ ಡ್ರಾಪ್’ ತಾಳದಲ್ಲಿ ನಾಲ್ಕು ಎಣಿಕೆಯ ಮೊದಲನೆಯದು ಖಾಲಿ, ಪೆಟ್ಟು ಬೀಳುವುದು ಮೂರನೆಯದಕ್ಕೆ. ನಾವು ಸಮ ಎಂದು ಕೈತಟ್ಟಲು ಹೋಗುವ ಜಾಗದಲ್ಲಿ ಏನೂ ಇಲ್ಲ! ಬೇಸ್ ಕೂಡ ಹಾಗೇ, ಕೆಲವು ಸ್ವರ ನುಡಿಸಿ ಉಸಿರು ಬಿಡುತ್ತದೆ. ವಾದ್ಯಗಾರರು ಮೊದಲೇ ಬಿಟ್ಟಿದ್ದ ಆ ಜಾಗದೊಳಗೇ ಟಬ್ಬಿಯ ಪ್ರತಿಧ್ವನಿ ಓಡಾಡುವುದು. ಸಂದಿಲ್ಲದಂತೆ ತುಂಬಿಸಿ ನುಡಿಸಿದ್ದರೆ ಎಲ್ಲ ಕಲಸಿಹೋಗುತ್ತಿತ್ತು. ಗಿಟಾರಿನ ಅರ್ಲ್ ‘ಚಿನ್ನಾ’ ಸ್ಮಿತ್‌ನ ಗತ್ತೂ ಅದೇ: ಒಂದು ಚೂರು ಸದ್ದು, ತಕ್ಷಣ ಅದನ್ನು ಅಡಗಿಸಲು ಕೈ ತಂತಿಯ ಮೇಲೆ.

ಆಗಿನ ಕಿಂಗ್‌ಸ್ಟನ್‌ನಲ್ಲಿ ಇಂಥ ವಾದ್ಯಗಾರರಿಗೆ ಹಾಡಿಗಿಷ್ಟು ಎಂದು ಒಂದು ಸಲ ಕೂಲಿ. ಅದೇ ಟೇಪಿನ ಮೇಲೆ ಬೇರೆ ಗಾಯಕರು ಹಾಡುತ್ತಿದ್ದರು, ಡಬ್‌ಗಳು ಬರುತ್ತಿದ್ದವು. ನುಡಿಸಿದವರಿಗೆ ಹೆಚ್ಚಾಗಿ ಮತ್ತೆ ದುಡ್ಡಿಲ್ಲ. ಹೊದಿಕೆಯ ಮೇಲೆ ದೊಡ್ಡದಾಗಿ ಪಾಬ್ಲೊ, ಟಬ್ಬಿ. ಇಬ್ಬರಿಗೂ ಆ ಗೌರವ ಸಲ್ಲಬೇಕಾದದ್ದೇ, ಆದರೆ ನಾನು ಯಾರಿಗೆ ಈ ಆಲ್ಬಮ್ ಕೇಳಿಸಿದರೂ ಮೊದಲು ಹೇಳುವುದು ಕಾರ್ಲ್‌ಟನ್ ಬ್ಯಾರೆಟ್‌ನ ಹೆಸರು.

ನೀವೂ ಕೇಳುವುದಾದರೆ ಮೊದಲು ಮಿಲ್ಲರ್ ಹಾಡಿದ್ದನ್ನು ಎರಡು ಸಲ ಕೇಳಿ, ಆಮೇಲೆ ಡಬ್ ಹಾಕಿ. ದನಿ ಮಾಯವಾದಾಗ ಅದನ್ನು ಹುಡುಕುತ್ತಾ ಹೋಗಬೇಡಿ, ಬೇಸ್ ಹಿಡಿದುಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಅದರಲ್ಲಿ ಬೇಸ್ ಬರುವುದೇ ಇಲ್ಲ.