ಶಿಕಾಗೋಗೆ ಹೊರಟಿದ್ರೆ ಮೊದ್ಲು ಸ್ಟೇಷನ್ ನೋಡಿ, ಆಮೇಲೆ ರೂಮ್

2023ರ ಮೇ ಕೊನೇಲಿ ನಾನು, ನನ್ನ ಹೆಂಡ್ತಿ, ಅಮ್ಮ ಮೂರೂ ಜನ ಶಿಕಾಗೋದಲ್ಲಿ ಐದು ದಿನ ಇದ್ವಿ. ತಮ್ಮ ಇರೋದು ಇಂಡಿಯಾನಾದಲ್ಲಿ, ಅವನ ಮನೆಗೆ ಹೋಗೋ ಮುಂಚೆ ಈ ಊರು ನೋಡ್ಕೊಂಡು ಹೋಗೋಣ ಅಂತ. ಅವನಂತೂ "ಕಾರ್ ಬುಕ್ ಮಾಡ್ಬಿಡು, ಕಾರಿಲ್ದೆ ಅಮೆರಿಕದಲ್ಲಿ ಪರದಾಡ್ತೀರಾ" ಅಂತ ಫೋನ್ ಮಾಡಿದಾಗೆಲ್ಲ ಅದೇ ರಾಗ. ಬೇರೆ ಊರುಗಳಿಗೆ ಆ ಮಾತು ಸರಿ ಇರ್ಬೋದು, ಆದ್ರೆ ಶಿಕಾಗೋ ಊರೊಳಗೇ ಸುತ್ತೋರಿಗೆ ಕಾರು ಅಂದ್ರೆ ದುಡ್ಡು ಕೊಟ್ಟು ತಲೆನೋವು ತಗೊಂಡ ಹಾಗೆ. ಡೌನ್‌ಟೌನ್ ಹೋಟೆಲ್‌ಗಳಲ್ಲಿ ನಾನು ವಿಚಾರಿಸಿದಾಗ ಒಂದು ರಾತ್ರಿ ಪಾರ್ಕಿಂಗ್‌ಗೇ 50-60 ಡಾಲರ್ ಹೇಳಿದ್ರು, ಎರಡು ರಾತ್ರಿಯ ಪಾರ್ಕಿಂಗ್ ದುಡ್ಡಿಗಿಂತ ಕಮ್ಮೀಲಿ ನಾವು ಮೂರೂ ಜನ ಐದು ದಿನ ಊರೆಲ್ಲ ಸುತ್ತಿದೀವಿ.

ಅದು ಹೇಗೆ ಅಂದ್ರೆ, ಓಹೇರ್ ಏರ್‌ಪೋರ್ಟ್ ಒಳಗಿಂದಾನೇ ಬ್ಲೂ ಲೈನ್ ಟ್ರೈನ್ ಶುರುವಾಗತ್ತೆ, ಹೊರಗೆ ಬರೋದೇ ಬೇಡ, ಮುಕ್ಕಾಲು ಗಂಟೇಲಿ ಡೌನ್‌ಟೌನ್, ಮತ್ತೆ ಅದು 24 ಗಂಟೆನೂ ಓಡತ್ತೆ. ಸ್ಟೇಷನ್‌ನಲ್ಲಿ ವೆಂಟ್ರಾ ಅಂತ ಕಾರ್ಡ್ ಕೊಡೋ ಮೆಷಿನ್ ಇದೆ. ಇಲ್ಲೇ ತುಂಬಾ ಜನ ಏಮಾರೋದು. ನಾವು ಹೋದಾಗ ಏರ್‌ಪೋರ್ಟ್‌ನಿಂದ ಒಂದ್ಸಲ ಹತ್ತೋಕೆ ಟಿಕೆಟ್ 5 ಡಾಲರ್ ಇತ್ತು (ಬೇರೆ ಸ್ಟೇಷನ್‌ಗಳಲ್ಲಿ ಎರಡೂವರೆ), ಆದ್ರೆ ಇಡೀ ದಿನದ ಪಾಸ್ ಕೂಡ ಆಗ 5 ಡಾಲರೇ ಇತ್ತು, ಆ ಪಾಸ್ ಏರ್‌ಪೋರ್ಟ್‌ನಿಂದ ಹತ್ತೋಕೂ ನಡೆಯತ್ತೆ. ನಾವು ಏಳು ದಿನದ ಪಾಸ್ ತಗೊಂಡ್ವಿ, ತಲಾ 20 ಡಾಲರ್, ಕಾರ್ಡಿಗೆ ಬೇರೆ 5. ಬಸ್ಸು, ಟ್ರೈನ್ ಎರಡಕ್ಕೂ ಅದೇ. ರೇಟು ಏರ್ತಾ ಇರತ್ತೆ, ಹೋಗೋ ಮುಂಚೆ ಒಂದ್ಸಲ ನೋಡ್ಕೊಳಿ. ಇನ್ನೊಂದು, ಪಾಸ್ ಒಬ್ಬರಿಗೆ ಒಂದು, ಒಂದೇ ಕಾರ್ಡನ್ನ ಮೂರು ಸಲ ತೋರ್ಸಿ ಎಲ್ರೂ ಒಳಗೆ ಹೋಗೋಕಾಗಲ್ಲ.

ರೂಮ್ ವಿಷ್ಯ. ಮೊದ್ಲು ನಾನು ಡೌನ್‌ಟೌನ್‌ನಲ್ಲೇ ಒಂದು ಹೋಟೆಲ್ ನೋಡಿದ್ದೆ, 160 ಡಾಲರ್ ಅಂತ ತೋರಿಸ್ತಿತ್ತು, ಪರ್ವಾಗಿಲ್ವಲ್ಲ ಅಂದ್ಕೊಂಡು ಕೊನೇ ಪೇಜಿಗೆ ಹೋದ್ರೆ 17.4 ಪರ್ಸೆಂಟ್ ಟ್ಯಾಕ್ಸು, ಅದರ ಮೇಲೆ ಡೆಸ್ಟಿನೇಶನ್ ಫೀ ಅಂತ ಇನ್ನೊಂದು ಮೂವತ್ತು, ಎಲ್ಲಾ ಸೇರಿ 220ರ ಹತ್ರ. ಯಾವ ಹೋಟೆಲ್ ನೋಡಿದ್ರೂ ಮೊದಲ ಪೇಜಿನ ರೇಟ್ ನಂಬ್ಬೇಡಿ, ಪೇಮೆಂಟ್ ಪೇಜ್ ತನಕ ಹೋಗಿ ಅಲ್ಲಿರೋ ಮೊತ್ತನ ಹೋಲಿಸಿ. ತಾರೀಖೂ ನೋಡ್ಕೊಳಿ, ಮೆಕಾರ್ಮಿಕ್ ಪ್ಲೇಸ್‌ನಲ್ಲಿ ದೊಡ್ಡ ಸಮ್ಮೇಳನ ಇದ್ರೆ, ಇಲ್ಲಾ ಲೊಲ್ಲಾಪಲೂಜಾ ಅನ್ನೋ ಸಂಗೀತ ಉತ್ಸವ, ಅಕ್ಟೋಬರ್ ಮ್ಯಾರಥಾನ್ ಆ ಟೈಮಲ್ಲಿ ರೂಮ್ ರೇಟು ಆಕಾಶಕ್ಕೆ ಹೋಗತ್ತೆ.

ಹಾಗಾಗಿ ನಾನು ಉಲ್ಟಾ ಮಾಡ್ದೆ. ಮ್ಯಾಪಲ್ಲಿ ಬ್ಲೂ ಲೈನ್ ಇಟ್ಕೊಂಡು ಲಿಫ್ಟ್ ಇರೋ ಸ್ಟೇಷನ್ ಯಾವ್ಯಾವುದು ಅಂತ ನೋಡಿ (ವೀಲ್‌ಚೇರ್ ಗುರುತು ಇರತ್ತೆ, ಎಲ್ಲಾ ಸ್ಟೇಷನ್‌ಗೂ ಲಿಫ್ಟ್ ಇಲ್ಲ, ಅಮ್ಮನ ಮಂಡಿ ಬೇರೆ), ಅದರಿಂದ ಐದು-ಎಂಟು ನಿಮಿಷ ನಡೆಯೋ ದೂರದಲ್ಲಿ ಮನೆ ಹುಡುಕ್ದೆ. ಲೋಗನ್ ಸ್ಕ್ವೇರ್ ಕಡೆ, ವೆಸ್ಟರ್ನ್ ಸ್ಟೇಷನ್ ಹತ್ರ ಒಂದು ಇಟ್ಟಿಗೆ ಮನೆಯ ಕೆಳಗಿನ ಪೋರ್ಷನ್ ಸಿಕ್ತು. ಅಲ್ಲಿ ಇಂಥ ಮನೆಗೆ ಟೂ-ಫ್ಲಾಟ್ ಅಂತಾರೆ, ಕೆಳಗೊಂದು ಸಂಸಾರ ಮೇಲೊಂದು ಸಂಸಾರ, ನಮ್ಮ ಕಡೆ ಓನರ್ ಮೇಲಿದ್ದು ಕೆಳಗೆ ಬಾಡಿಗೆಗೆ ಕೊಡ್ತಾರಲ್ಲ ಹಾಗೇ. ಅಡುಗೆಮನೆ ಇತ್ತು, ಅಮ್ಮ ಬೆಳಿಗ್ಗೆನೇ ಉಪ್ಪಿಟ್ಟು ಮಾಡೋರು. ಮೊದಲ್ನೇ ದಿನ ಒಣಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಅಲಾರಂ ಕಿರುಚ್ಕೊಂಡಿದ್ದು ಬೇರೆ ಕಥೆ, ಕಿಟಕಿ ತೆಗೆದೇ ಒಲೆ ಹಚ್ಚಿ.

ಈಗ ವೆಸ್ಟರ್ನ್ ಕಥೆ ಕೇಳಿ. ಎರಡನೇ ದಿನ ಸುತ್ತಿ ಸುಸ್ತಾಗಿ ರಾತ್ರಿ ಒಂಬತ್ತೂವರೆಗೆ ಜಾಕ್ಸನ್ ಸ್ಟೇಷನ್‌ಗೆ ಇಳಿದ್ವಿ, ಒಂದೇ ಪ್ಲಾಟ್‌ಫಾರ್ಮ್, ಎರಡೂ ಪಕ್ಕ ಟ್ರೈನ್ ಬರತ್ತೆ, ಬ್ಲೂ ಲೈನ್ ಅಂತ ಕಂಡ ತಕ್ಷಣ ಹತ್ತಿ ಕೂತ್ವಿ. ಹೆಂಡ್ತಿ "ರೀ, ನಿನ್ನೆ ಸುರಂಗದಿಂದ ಹೊರಗೆ ಬಂದ ಮೇಲೆ ಟ್ರೈನ್ ಮನೆಗಳ ಮಾಳಿಗೆ ಎತ್ತರಕ್ಕೆ ಹತ್ತಿತ್ತಲ್ವಾ, ಇದೇನು ಹೈವೇ ಮಧ್ಯ ಹೋಗ್ತಿದೆ" ಅಂದ್ಲು. ನಾನು ಕೇಳ್ಬೇಕಲ್ಲ. "ವೆಸ್ಟರ್ನ್" ಅಂತ ಅನೌನ್ಸ್ ಆಯ್ತು, ಇಳಿದ್ವಿ. ನೋಡಿದ್ರೆ ಎಡಕ್ಕೂ ಬಲಕ್ಕೂ ಭರ್ರ್ ಅಂತ ಕಾರುಗಳು, ಮಧ್ಯದಲ್ಲಿ ನಾವು ಮೂರು ಜನ. ವಿಷ್ಯ ಏನಂದ್ರೆ ಬ್ಲೂ ಲೈನಲ್ಲೇ ಎರಡು ವೆಸ್ಟರ್ನ್ ಇದೆ, ಒಂದು ಓಹೇರ್ ಕಡೆ, ಒಂದು ಫಾರೆಸ್ಟ್ ಪಾರ್ಕ್ ಕಡೆ. ಬ್ರೌನ್, ಆರೆಂಜ್, ಪಿಂಕ್ ಲೈನಲ್ಲೂ ಒಂದೊಂದು, ಒಟ್ಟು ಐದು! ವೆಸ್ಟರ್ನ್ ಅವೆನ್ಯೂ ಅನ್ನೋ ಉದ್ದಾನುದ್ದ ರಸ್ತೆನ ಈ ಲೈನ್‌ಗಳು ಎಲ್ಲೆಲ್ಲಿ ದಾಟತ್ತೋ ಅಲ್ಲಿರೋ ಸ್ಟೇಷನ್‌ಗೆಲ್ಲಾ ಅದೇ ಹೆಸರು. ಅಮ್ಮ ಅಲ್ಲೇ ಬೆಂಚಲ್ಲಿ ಕೂತು "ಇನ್ನೊಂದು ಹೆಸ್ರು ಇಡೋಕೆ ಗತಿ ಇರ್ಲಿಲ್ವೇನೋ ಇವ್ರಿಗೆ" ಅಂದ್ರು.

ಆದ್ರೆ ಅದೇ ನಮ್ಮನ್ನ ಕಾಪಾಡಿದ್ದೂ. ಮೇಲೆ ಸೇತುವೆಗೆ ಬಂದ್ರೆ ಅದು ವೆಸ್ಟರ್ನ್ ಅವೆನ್ಯೂನೇ, 49ನೇ ನಂಬರ್ ಬಸ್ಸು ಆ ರಸ್ತೆ ಮೇಲೇ ನೆಟ್ಟಗೆ ಉತ್ತರಕ್ಕೆ ಹೋಗತ್ತೆ. ಶಿಕಾಗೋ ರಸ್ತೆ ನಂಬರ್ ಲೆಕ್ಕ ಸುಲಭ, ಸ್ಟೇಟ್ ಮತ್ತೆ ಮ್ಯಾಡಿಸನ್ ರಸ್ತೆ ಸೇರೋ ಜಾಗ ಸೊನ್ನೆ, ಅಲ್ಲಿಂದ ಬಹುತೇಕ ಕಡೆ 800 ನಂಬರಿಗೆ ಹೆಚ್ಚುಕಮ್ಮಿ ಒಂದು ಮೈಲಿ. ನಾವಿದ್ದಿದ್ದು ದಕ್ಷಿಣ 400ರ ಹತ್ರ, ಮನೆ ಉತ್ತರ 1900ರ ಹತ್ರ, ಅಂದ್ರೆ ಪೂರ್ತಿ ಮೂರು ಮೈಲಿನೂ ಇಲ್ಲ. ಪಾಸ್ ಇತ್ತು, ಕಾಸು ಕೊಡದೆ ಹತ್ತಿ ಮನೆ ಸೇರಿದ್ವಿ. ಹಾಗಾಗಿ ರೂಮ್ ಬುಕ್ ಮಾಡುವಾಗ "ವೆಸ್ಟರ್ನ್ ಹತ್ರ", "ಹಾರ್ಲೆಮ್ ಹತ್ರ" ಅಂತಿದ್ರೆ (ಬ್ಲೂ ಲೈನಲ್ಲಿ ಹಾರ್ಲೆಮೂ ಎರಡಿದೆ) ಅಡ್ರೆಸ್‌ನಲ್ಲಿ ನಾರ್ತಾ ಸೌತಾ ನೋಡಿ, ಟ್ರೈನ್ ಹತ್ತುವಾಗ ಮುಂದೆ ಬರೆದಿರೋ ಕೊನೇ ಸ್ಟೇಷನ್ ಹೆಸರು ಓದಿ. ರಾತ್ರಿ ಹೊತ್ತಾದ್ರೆ ಡ್ರೈವರ್ ಇರೋ ಮೊದಲ್ನೇ ಬೋಗಿಗೆ ಹತ್ತಿ, ಹಿಂದಿನ ಬೋಗಿಗಳಲ್ಲಿ ಸಿಗರೇಟ್ ಸೇದೋರು, ಮಲಗಿರೋರು ಇರ್ತಾರೆ, ನಮಗೇನೂ ತೊಂದ್ರೆ ಆಗ್ಲಿಲ್ಲ, ಆದ್ರೂ.

ನೋಡೋ ಜಾಗಗಳ ಪಟ್ಟಿ ಎಲ್ಲಾ ಕಡೆ ಸಿಗತ್ತೆ, ನಾನು ಬರೆಯಲ್ಲ. ಮಿಲೇನಿಯಂ ಪಾರ್ಕ್, ಲಿಂಕನ್ ಪಾರ್ಕ್ ಝೂ ಎರಡೂ ಫ್ರೀ. ಅಮ್ಮನಿಗೆ ಮಾತ್ರ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ ನೋಡ್ಲೇಬೇಕಿತ್ತು, 1893ರಲ್ಲಿ ವಿವೇಕಾನಂದರು ಮಾತಾಡಿದ್ದು ಅಲ್ಲೇ. ಎದುರಿಗಿರೋ ಮಿಷಿಗನ್ ಅವೆನ್ಯೂಗೆ ಅವರ ಹೆಸರಿನ ಬೋರ್ಡೂ ಇದೆ, ಅದರ ಕೆಳಗೆ ನಿಲ್ಸಿ ನಾಲ್ಕು ಫೋಟೋ ತೆಗೆಸ್ಕೊಂಡ್ರು. ನಮ್ಮ ಊಟ, ದಿನಸಿ ಬೇಕಂದ್ರೆ ರೆಡ್ ಲೈನಲ್ಲಿ ಮೋರ್ಸ್ ತನಕ ಹೋಗಿ 155ನೇ ಬಸ್ ಹತ್ತಿ, ಡೆವಾನ್ ಅವೆನ್ಯೂಗೆ ಬಿಡತ್ತೆ, ಪಟೇಲ್ ಬ್ರದರ್ಸ್ 1974ರಲ್ಲಿ ಮೊದ್ಲು ಅಂಗಡಿ ಇಟ್ಟಿದ್ದು ಈ ರಸ್ತೇಲೇ. ಸೋನಾಮಸೂರಿ, ಚಿರೋಟಿ ರವೆ ಎಲ್ಲಾ ಸಿಕ್ತು.

ವಾಪಸ್ ಬರುವಾಗ ಒಂದು ಗಮನ ಇರ್ಲಿ. ಬ್ಲೂ ಲೈನ್ ಇಳಿಸೋದು ಟರ್ಮಿನಲ್ 1, 2, 3ರ ಹತ್ರ. ಇಂಡಿಯಾ ಕಡೆ ಹೋಗೋ ಫ್ಲೈಟ್ ಟರ್ಮಿನಲ್ 5ರಿಂದ ಇದ್ರೆ ಅಲ್ಲಿಂದ ಏರ್‌ಪೋರ್ಟ್‌ನವರದ್ದೇ ಪುಟ್ಟ ಟ್ರೈನ್ ಹತ್ತಬೇಕು, ಅದು ಫ್ರೀ, ಆದ್ರೆ ನಾಲ್ಕು ಸೂಟ್‌ಕೇಸು, ಒಬ್ಬರು ಅಮ್ಮ ಜೊತೆಗಿದ್ರೆ ಅರ್ಧ ಗಂಟೆ ಜಾಸ್ತಿನೇ ಇಟ್ಕೊಳಿ.