ಲಂಡನ್ನಿನ ಹಳೆಯ ಫಿನ್ಸ್‌ಬರಿ: ನಡೆದು ನೋಡುವವರಿಗೆ

ಮೊದಲ ಎಚ್ಚರಿಕೆ: ‘ಫಿನ್ಸ್‌ಬರಿ ಪಾರ್ಕ್’ ನಿಲ್ದಾಣದಲ್ಲಿ ಇಳಿಯಬೇಡಿ. ಅದು ಉತ್ತರಕ್ಕೆ ಕೆಲವು ಕಿ.ಮೀ. ದೂರದ ಬೇರೆಯೇ ಜಾಗ. 1900ರಲ್ಲಿ ರಚನೆಯಾದ ಫಿನ್ಸ್‌ಬರಿ ಬರೋ (ಲಂಡನ್ನಿನ ಸ್ಥಳೀಯ ಆಡಳಿತ ವಿಭಾಗ) 1965ರಲ್ಲಿ ಇಸ್ಲಿಂಗ್ಟನ್ನಿನಲ್ಲಿ ವಿಲೀನವಾಯಿತು. ಅದರ ಹಳೆಯ ಬೀದಿಗಳಿಗೆ ಸುರಂಗ ರೈಲಿನ ನಾರ್ದರ್ನ್ ಲೈನಿನಲ್ಲಿರುವ ಏಂಜೆಲ್ ನಿಲ್ದಾಣವೇ ಸರಿ. ಅಲ್ಲಿಂದ ಫ್ಯಾರಿಂಗ್ಡನ್‌ವರೆಗೆ ಸುಮಾರು ಎರಡು ಕಿ.ಮೀ. ಇಳಿಜಾರು; ಎದುರು ದಿಕ್ಕಿನಿಂದ ಹೊರಟರೆ ಅಷ್ಟನ್ನೂ ಏರಬೇಕು. ಏಂಜೆಲ್‌ನಲ್ಲಿ ಲಿಫ್ಟ್ ಇಲ್ಲ, ಎಸ್ಕಲೇಟರ್ ಬಹಳ ಉದ್ದ. ಮಂಡಿನೋವಿನ ಹಿರಿಯರು ಜತೆಗಿದ್ದರೆ ಪಿಕಡಿಲಿಯಿಂದ 19 ಅಥವಾ 38ನೇ ಬಸ್ ಹತ್ತಿ, ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದ ಬಳಿ ಇಳಿಯಿರಿ. ಬಸ್ಸಿನಲ್ಲಿ ನಗದು ನಡೆಯದು, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಬೇಕು.

ರಂಗಮಂದಿರದ ಎದುರಿಗಿರುವುದು 1949ರಲ್ಲಿ ತೆರೆದ ಸ್ಪಾ ಗ್ರೀನ್ ವಸತಿ ಸಮುಚ್ಚಯ. ಅದೇ ರೋಸ್‌ಬರಿ ಅವೆನ್ಯೂದಲ್ಲಿ ಕೆಳಗಿಳಿದರೆ ಹಳೆಯ ಟೌನ್ ಹಾಲ್. ಅದರ ಹೊರಗಿನ ದಾದಾಭಾಯಿ ನವರೋಜಿ ಫಲಕ ನೋಡದೆ ಮುಂದೆ ಹೋಗಬೇಡಿ. ಇಂಗ್ಲಿಷ್ ಮತದಾರರು ಕರಿಯನನ್ನು ಆರಿಸಲಾರರು ಎಂದು ಪ್ರಧಾನಿ ಸಾಲಿಸ್‌ಬರಿ 1888ರಲ್ಲಿ ಹೇಳಿದ್ದರು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯ ಮತದಾರರು ನವರೋಜಿಯವರನ್ನು 5 ಮತಗಳಿಂದ ಗೆಲ್ಲಿಸಿ ಸಂಸತ್ತಿಗೆ ಕಳುಹಿಸಿದರು.

ಈ ನಡಿಗೆಯಲ್ಲಿ ಹೆಚ್ಚು ಸಮಯ ಸಲ್ಲಬೇಕಾದ್ದು ಪೈನ್ ಸ್ಟ್ರೀಟಿನ ಫಿನ್ಸ್‌ಬರಿ ಹೆಲ್ತ್ ಸೆಂಟರಿಗೆ. ಪಂಜಾಬಿನಿಂದ ಬಂದ ವೈದ್ಯ ಚುನಿಲಾಲ್ ಕತಿಯಾಲ್ ಬರೋದ ಆರೋಗ್ಯ ಸಮಿತಿಯ ಅಧ್ಯಕ್ಷರಾಗಿದ್ದಾಗ, ವಾಸ್ತುಶಿಲ್ಪಿ ಬರ್ತೋಲ್ಡ್ ಲುಬೆಟ್ಕಿನ್ ಅವರಿಂದ ಇದನ್ನು ಕಟ್ಟಿಸಿದರು. ಚದುರಿಹೋಗಿದ್ದ ಕ್ಷಯ, ದಂತ, ಪಾದ ಚಿಕಿತ್ಸೆಗಳು ಇಲ್ಲಿ ಒಂದೇ ಸೂರಿನಡಿ ಬಂದವು. ಗಾಳಿ–ಬೆಳಕು ಬರಲೆಂದು ಎರಡೂ ರೆಕ್ಕೆಗಳನ್ನು ಹೊರಕ್ಕೆ ಚಾಚಿ, ಮುಂಭಾಗಕ್ಕೆ ಗಾಜಿನ ಇಟ್ಟಿಗೆ ಜೋಡಿಸಿದರು. ಕಟ್ಟಡ ತೆರೆದದ್ದು 1938ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೂ ಹತ್ತು ವರ್ಷ ಮೊದಲು. ಅದೇ ವರ್ಷ ಕತಿಯಾಲ್ ಮೇಯರ್ ಆದರು. ಭಾರತದಿಂದ ಹೋಗುವವರು ನೋಡುವ ಜಾಗಗಳ ಪಟ್ಟಿಯಲ್ಲಿ ಈ ಕಟ್ಟಡದ ಹೆಸರು ಇಲ್ಲದಿರುವುದು ನಿಜಕ್ಕೂ ಬೇಸರದ ಸಂಗತಿ. ಇದು ರೋಗಿಗಳಿಗಾಗಿ ಇರುವ ಜಾಗ, ಹೊರಗಿನಿಂದಲೇ ನೋಡಿ. ಯಾರ ಮುಖವೂ ಫೋಟೊದಲ್ಲಿ ಬಾರದಿರಲಿ.

ಊಟಕ್ಕೆ ಪಕ್ಕದ ಎಕ್ಸ್‌ಮೌತ್ ಮಾರ್ಕೆಟ್. ಸಸ್ಯಾಹಾರಿಗಳು ಸಾರು, ಸಾಸ್‌ಗಳಲ್ಲಿ ಏನಿದೆಯೆಂದು ಕೇಳಿಯೇ ತೆಗೆದುಕೊಳ್ಳಿ.

ಸೇಂಟ್ ಜಾನ್ ಸ್ಟ್ರೀಟಿನಲ್ಲಿ ಗ್ರಂಥಾಲಯದ ಕೆಳಗಿರುವ ಇಸ್ಲಿಂಗ್ಟನ್ ಮ್ಯೂಸಿಯಂಗೆ ಪ್ರವೇಶ ಉಚಿತ. ಲುಬೆಟ್ಕಿನ್ ರೂಪಿಸಿದ ಸ್ಮಾರಕದಲ್ಲಿದ್ದ ಲೆನಿನ್ ಪ್ರತಿಮೆ ಈಗ ಅಲ್ಲಿದೆ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ಹೊರಡುವ ಮುನ್ನ ವೇಳೆ ನೋಡಿಕೊಳ್ಳಿ. ಲೆನಿನ್ 1902–03ರಲ್ಲಿ ರಷ್ಯಾದ ಕ್ರಾಂತಿಕಾರಿಗಳ ‘ಇಸ್ಕ್ರಾ’ ಪತ್ರಿಕೆ ಸಂಪಾದಿಸಿದ ಮನೆ ಕ್ಲಾರ್ಕನ್‌ವೆಲ್ ಗ್ರೀನಿನಲ್ಲಿದೆ. ಈಗ ಅದು ಮಾರ್ಕ್ಸ್ ಸ್ಮಾರಕ ಗ್ರಂಥಾಲಯ.

ಕವಿ ಬ್ಲೇಕ್, ಕಾದಂಬರಿಕಾರ ಡೀಫೋ ಸಮಾಧಿಗಳಿರುವ ಬನ್‌ಹಿಲ್ ಫೀಲ್ಡ್ಸ್ ಕೂಡ ಹಳೆಯ ಬರೋಗೆ ಸೇರಿದ್ದೇ. ಆದರೆ ಅದು ಪೂರ್ವದ ಅಂಚಿನಲ್ಲಿ, ಓಲ್ಡ್ ಸ್ಟ್ರೀಟ್ ನಿಲ್ದಾಣದ ಹತ್ತಿರ, ಇನ್ನೊಂದು ದಿನಕ್ಕಿರಲಿ. ಕ್ಲಾರ್ಕನ್‌ವೆಲ್ ಗ್ರೀನಿನಿಂದ ಫ್ಯಾರಿಂಗ್ಡನ್ ನಿಲ್ದಾಣಕ್ಕೆ ಐದಾರು ನಿಮಿಷ. ಅಲ್ಲಿ ಲಿಫ್ಟ್ ಇದೆ, ಹೀತ್ರೋಗೆ ನೇರ ಎಲಿಜಬೆತ್ ಲೈನ್ ರೈಲೂ ಸಿಗುತ್ತದೆ.